ಲೇಬಲ್ ನೋಡಿ ಆರಿಸುವ ಅಗ್ಗದ ವೈನ್: ಏನನ್ನು ಓದಬೇಕು, ಹೇಗೆ ಪರೀಕ್ಷಿಸಬೇಕು?

ಮುಂಗಾರು ಮಡಿಕೇರಿ

ವೈನ್ ಬಗ್ಗೆ ತಿಳಿದವರು ಸ್ವಲ್ಪ ವಿವರವಾಗಿ ಹೇಳಿ. 750 ಮಿ.ಲೀ. ಬಾಟಲಿಗೆ 900 ರೂಪಾಯಿ ಮೀರಬಾರದು. ಅಂಗಡಿಯಲ್ಲಿ ರುಚಿ ನೋಡಿ ಕೊಳ್ಳುವ ಹಾಗಿಲ್ಲ, ರಮ್, ವಿಸ್ಕಿ ಬಗ್ಗೆ ಕೇಳಿದರೆ ಸಿಗುವಷ್ಟು ಉತ್ತರ ವೈನ್ ಬಗ್ಗೆ ಸಿಗುವುದೂ ಇಲ್ಲ. ಉಳಿಯುವುದು ಲೇಬಲ್ ಒಂದೇ. ಹಾಗಾಗಿ ಆರು ಬಾಟಲಿಗಳನ್ನು ಬರೀ ಲೇಬಲ್ ನೋಡಿ ಆರಿಸಿ, ಆಮೇಲೆ ಲೇಬಲ್ ಮುಚ್ಚಿ ಆರು ಜನ ರುಚಿ ನೋಡಿ, ಲೇಬಲ್ ಹೇಳಿದ್ದು ಎಷ್ಟು ನಿಜ ಎಂದು ತಾಳೆ ಹಾಕುವ ಯೋಚನೆ. ಕೊನೆಗೆ ಊಟಕ್ಕೆ ಪಂದಿಕರಿ, ಕಡಂಬುಟ್ಟು.

ಲೇಬಲ್‌ನಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ಇಲ್ಲಿ ಮಡಿಕೇರಿ ಪೇಟೆಯಲ್ಲಿ ಮಾರುವ ಹೋಮ್‌ಮೇಡ್ ವೈನನ್ನೂ ಈ ಆರರಲ್ಲಿ ಸೇರಿಸಬಹುದಾ?

ದ್ರಾಕ್ಷಿಬಳ್ಳಿ

ಬಾಟಲಿ ಕೈಗೆ ಬಂದ ಕೂಡಲೇ ಹಿಂದಕ್ಕೆ ತಿರುಗಿಸಿ. ಉಪಯೋಗಕ್ಕೆ ಬರುವುದೆಲ್ಲ ಅಲ್ಲಿ ಸಣ್ಣ ಅಕ್ಷರದಲ್ಲಿದೆ.

ಮೊದಲು ನೋಡಬೇಕಾದ್ದು ವರ್ಷ. ವಿಂಟೇಜ್ ಅಂದರೆ ಹಣ್ಣು ಕೊಯ್ದ ವರ್ಷ, ಸಾಮಾನ್ಯವಾಗಿ ಮುಂಭಾಗದಲ್ಲಿರುತ್ತದೆ. ಬಾಟಲಿ ತುಂಬಿದ ತಿಂಗಳು ಹಿಂದೆ ಬ್ಯಾಚ್ ಸಂಖ್ಯೆಯ ಪಕ್ಕದಲ್ಲಿರುತ್ತದೆ. ಈ ಬೆಲೆಯ ವೈನನ್ನು ಯಾರೂ ವರ್ಷಗಟ್ಟಲೆ ಇಡಲಿ ಎಂದು ತಯಾರಿಸುವುದಿಲ್ಲ. ಬಿಳಿ ಮತ್ತು ರೋಸೆಯನ್ನು (ಗುಲಾಬಿ ಬಣ್ಣದ ವೈನ್) ಕೊಯ್ಲಾದ ಎರಡು ವರ್ಷದೊಳಗೆ, ಕೆಂಪನ್ನು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು. "ವೈನ್ ಹಳೆಯದಾದಷ್ಟೂ ಒಳ್ಳೆಯದು" ಎಂಬ ಮಾತು 900 ರೂಪಾಯಿಯ ಬಾಟಲಿಗೆ ಅನ್ವಯಿಸುವುದೇ ಇಲ್ಲ. ವಿಂಟೇಜ್ ಇಲ್ಲದ ಬಾಟಲಿಯಾದರೆ ತುಂಬಿದ ತಿಂಗಳನ್ನೇ ಲೆಕ್ಕಕ್ಕೆ ಹಿಡಿಯಿರಿ.

ವರ್ಷ ಹೋಲಿಸುವಾಗ ಒಂದು ಎಚ್ಚರ. ನಾಸಿಕ್, ಸೊಲ್ಲಾಪುರ, ನಂದಿಬೆಟ್ಟದ ಕಡೆ, ವಿಜಯಪುರ, ಬಾಗಲಕೋಟೆ ಎಲ್ಲ ಕಡೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಳ್ಳಿ ಸವರಿ, ಜನವರಿಯಿಂದ ಮಾರ್ಚ್ ಒಳಗೆ ವೈನ್ ದ್ರಾಕ್ಷಿ ಕೊಯ್ಯುತ್ತಾರೆ. ಫ್ರಾನ್ಸ್, ಇಟಲಿಯಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸು. ಹಾಗಾಗಿ ನಮ್ಮ 2024ರ ವೈನಿಗೂ ಅವರ 2023ರ ವೈನಿಗೂ ವ್ಯತ್ಯಾಸ ಐದಾರು ತಿಂಗಳು ಮಾತ್ರ. ಅದೇ ನಮ್ಮ 2024 ಅವರ 2024ಕ್ಕಿಂತ ಆರೇಳು ತಿಂಗಳು ಹಳೆಯದು.

ಎರಡನೆಯದು ಆಲ್ಕೋಹಾಲ್ ಪ್ರಮಾಣ. ಇಡೀ ಲೇಬಲ್‌ನಲ್ಲಿ ರುಚಿಯ ಬಗ್ಗೆ ಅತಿ ಹೆಚ್ಚು ಹೇಳುವ ಅಂಕಿ ಇದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1 ಆಲ್ಕೋಹಾಲ್ ಆಗುತ್ತದೆ. ಪೂರ್ತಿ ಹುದುಗಿದರೆ ಶೇ. 12 ಆಗಬೇಕಿದ್ದ ರಸವನ್ನು ಶೇ. 9ಕ್ಕೆ ನಿಲ್ಲಿಸಿದ್ದರೆ ಲೀಟರಿಗೆ 50 ಗ್ರಾಂನಷ್ಟು ಸಕ್ಕರೆ ಹಾಗೇ ಉಳಿದಿರುತ್ತದೆ, ಅಂದರೆ ಸ್ಪಷ್ಟವಾಗಿ ಸಿಹಿ. ಸಾದಾ ವೈನಿನಲ್ಲಿ ಶೇ. 8ರಿಂದ 10 ಇದ್ದರೆ ಸಿಹಿಯೆಂದೇ ಎಣಿಸಿ. ಶೇ. 12.5ರಿಂದ 14 ಇದ್ದರೆ ಬಹುತೇಕ ಡ್ರೈ, ಅಂದರೆ ಸಿಹಿ ಇಲ್ಲದ್ದು. ಶೇ. 15 ದಾಟಿದ್ದರೆ ಹೊರಗಿನಿಂದ ಸ್ಪಿರಿಟ್ ಸೇರಿಸಿದ ಶೈಲಿಯ ಸಾಧ್ಯತೆ ಹೆಚ್ಚು.

ಸಕ್ಕರೆಯ ನಿಖರ ಗ್ರಾಂ ಲೆಕ್ಕ ಹುಡುಕಬೇಡಿ, ಸಾಮಾನ್ಯವಾಗಿ ಸಿಗುವುದಿಲ್ಲ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಮದ್ಯ ನಿಯಮಗಳಲ್ಲಿ ಪೋಷಕಾಂಶದ ಪಟ್ಟಿ ಹಾಕಲು ಅವಕಾಶವಿಲ್ಲ. ಬದಲಿಗೆ ಸಂರಕ್ಷಕಗಳ ಸಾಲು ಓದಿ. ಐಎನ್‌ಎಸ್ ಎಂಬುದು ಆಹಾರಕ್ಕೆ ಸೇರಿಸುವ ವಸ್ತುಗಳ ಸಂಕೇತ ಸಂಖ್ಯೆ. ಐಎನ್‌ಎಸ್ 220 ಅಥವಾ 224 ಎಂದರೆ ಸಲ್ಫೈಟ್. ಅದು ಹೆಚ್ಚುಕಡಿಮೆ ಎಲ್ಲ ವೈನಿನಲ್ಲೂ ಇರುತ್ತದೆ, ದೋಷವಲ್ಲ (ಆಸ್ತಮಾ ಇರುವವರು ಮಾತ್ರ ಗಮನಿಸಬೇಕು). ಐಎನ್‌ಎಸ್ 202 ಕಂಡರೆ ನಿಲ್ಲಿ. ಅದು ಪೊಟ್ಯಾಸಿಯಂ ಸಾರ್ಬೇಟ್, ಬಾಟಲಿಯೊಳಗೆ ಯೀಸ್ಟ್ ಮತ್ತೆ ಎದ್ದು ಹುದುಗದಂತೆ ತಡೆಯುವುದು ಅದರ ಕೆಲಸ. ಹುದುಗಲು ಸಕ್ಕರೆಯೇ ಉಳಿದಿಲ್ಲದಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. 202 ಜೊತೆಗೆ ಆಲ್ಕೋಹಾಲ್ ಶೇ. 10ಕ್ಕಿಂತ ಕಡಿಮೆ ಎಂದರೆ, ಮುಂಭಾಗದಲ್ಲಿ ಏನೇ ಬರೆದಿರಲಿ, ಒಳಗಿರುವುದು ಸಿಹಿ ವೈನ್.

ಹಾರಂಗಿ

ರಿಸರ್ವ್, ಸೆಲೆಕ್ಷನ್, ಪ್ರೀಮಿಯಂ ಅಂತ ಇದ್ದರೆ ಸ್ವಲ್ಪ ಜಾಸ್ತಿ ಕೊಡಬಹುದಾ?

ದ್ರಾಕ್ಷಿಬಳ್ಳಿ

ಆ ಪದಕ್ಕಾಗಿ ದುಡ್ಡು ಕೊಡಬೇಡಿ. ಸ್ಪೇನ್‌ನಲ್ಲಿ ರಿಸರ್ವಾ ಎಂದರೆ ಕಾನೂನಿನ ಅರ್ಥವಿದೆ: ಕೆಂಪು ವೈನ್ ಒಟ್ಟು ಮೂರು ವರ್ಷ ಇಟ್ಟಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಇಲ್ಲಿ ಪ್ರತಿ ಕಂಪನಿಯೂ ತನಗೆ ಬೇಕಾದ ಅರ್ಥದಲ್ಲಿ ಹಾಕಿಕೊಳ್ಳುತ್ತದೆ. ಕೆಲವರು ನಿಜವಾಗಿಯೂ ತಮ್ಮ ಮೇಲ್ದರ್ಜೆಗೆ ಆ ಹೆಸರಿಟ್ಟಿದ್ದಾರೆ. ಗ್ರೋವರ್‌ನವರ ಲಾ ರಿಸರ್ವ್ ಹಾಗೆ. ಪೀಪಾಯಿಯಲ್ಲಿಟ್ಟಿದ್ದಾರೆಯೇ ಎಂದು ತಿಳಿಯಬೇಕಾದರೆ ಎಷ್ಟು ತಿಂಗಳು ಎಂಬ ಅಂಕಿ ಹುಡುಕಿ. ಅಂಕಿ ಇಲ್ಲದೆ ಓಕ್ ಎಂದು ಮಾತ್ರ ಇದ್ದರೆ ಅದು ತೊಟ್ಟಿಯಲ್ಲಿ ಮುಳುಗಿಸಿದ ಓಕ್ ಚೂರೂ ಆಗಿರಬಹುದು. ಚೂರು ಹಾಕುವುದು ತಪ್ಪೇನಲ್ಲ, ಪೀಪಾಯಿಯ ಬೆಲೆ ಅದಕ್ಕೆ ಕೊಡುವುದು ತಪ್ಪು.

ತಳಕ್ಕೆ ಹೆಬ್ಬೆರಳು ಪೂರ್ತಿ ಹೋಗುವಂಥ ಗುಳಿ, ಭಾರದ ಗಾಜು, ದಪ್ಪ ಮೇಣದ ಮುಚ್ಚಳ, ಇವೂ ಹಾಗೇ. ಅದು ಪ್ಯಾಕಿಂಗ್ ಖರ್ಚು. ಸ್ಕ್ರೂ ಕ್ಯಾಪ್ ಕಂಡು ಅಗ್ಗದ್ದೆಂದು ಬಿಡಬೇಡಿ. ಬೇಗ ಕುಡಿಯುವ ವೈನಿಗೆ, ಅದರಲ್ಲೂ ನಮ್ಮ ತೇವದ ಊರಿಗೆ, ಕಾರ್ಕ್‌ಗಿಂತ ಅದೇ ಮೇಲು.

ಬಣ್ಣದ ಕುಂಚ

ಮುಂಭಾಗವನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದು ಸರಿಯಲ್ಲ. ಪ್ಯಾಕೇಜಿಂಗ್ ವಿನ್ಯಾಸ ಗೊತ್ತಿರುವವರಿಗೆ ಮುಂದಿನ ಲೇಬಲ್ ಒಂದು ವಿಷಯ ಹೇಳಿಯೇ ಹೇಳುತ್ತದೆ: ಈ ಬಾಟಲಿ ಯಾರಿಗಾಗಿ. ಆಸ್ಟ್ರೇಲಿಯಾದ ಯೆಲ್ಲೋ ಟೇಲ್ 2001ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿದಾಗ ಲೇಬಲ್ ಮೇಲೆ ಜಿಗಿಯುವ ಪ್ರಾಣಿ, ಗಾಢ ಬಣ್ಣ, ದೊಡ್ಡ ಅಕ್ಷರ. ಒಳಗೆ ಹಣ್ಣಿನ ರುಚಿ ಮುಂದಾದ, ಒಗರು ಕಡಿಮೆ ಇರುವ, ತುಸು ಸಿಹಿಯ ವೈನ್. ಅದನ್ನು ನೋಡಿ ಪ್ರಾಣಿ ಚಿತ್ರದ ಲೇಬಲ್‌ಗಳು ಸಾಲುಗಟ್ಟಿ ಬಂದವು, ಬಹುಪಾಲು ಅದೇ ಶೈಲಿಯವು. ಕೆನೆ ಬಣ್ಣದ ಕಾಗದದ ಮೇಲೆ ಬಂಗಲೆಯ ರೇಖಾಚಿತ್ರ, ತೆಳು ಅಕ್ಷರ ಇದ್ದರೆ ಡ್ರೈ, ಒಗರು, ಓಕ್ ಬಯಸುವವರಿಗೆ ಎಂದರ್ಥ. ಗುಲಾಬಿ, ಹೂವು, ಹೊಳೆಯುವ ಫಾಯಿಲ್ ಕಂಡರೆ ಸಿಹಿ ಅಥವಾ ಬುರುಗಿನ ವೈನ್. ಕಂಪನಿಗೂ ತಪ್ಪು ಗಿರಾಕಿ ಬಂದರೆ ನಷ್ಟವೇ, ಆದ್ದರಿಂದ ಈ ಸಂಕೇತವನ್ನು ಅವರು ಬೇಕೆಂದೇ ಕೆಡಿಸುವುದಿಲ್ಲ. ಗುಣಮಟ್ಟ ಹೇಳುವುದಿಲ್ಲ, ಒಪ್ಪುತ್ತೇನೆ. ಶೈಲಿ ಹೇಳುತ್ತದೆ.

ದ್ರಾಕ್ಷಿಬಳ್ಳಿ

ಶೈಲಿಯ ಮಟ್ಟಿಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಕಲಾವಿದರ ಚಿತ್ರ ಹಾಕುವ ಸರಣಿಗಳಲ್ಲಿ ಅದು ಕೈಕೊಡುತ್ತದೆ. ಫ್ರಾನ್ಸ್‌ನ ಶಾತೊ ಮೂಟಾನ್ ರಾಥ್‌ಚೈಲ್ಡ್ 1945ರಿಂದ ವರ್ಷಕ್ಕೊಬ್ಬ ಕಲಾವಿದರ ಕೆಲಸವನ್ನು ಲೇಬಲ್‌ಗೆ ಹಾಕುತ್ತಾ ಬಂದಿದೆ. ಗ್ರೋವರ್ ಜಂಪಾದ ಆರ್ಟ್ ಕಲೆಕ್ಷನ್‌ನಲ್ಲಿ ಭಾರತೀಯ ಕಲಾವಿದರ ಚಿತ್ರಗಳಿವೆ. ಅಲ್ಲಿ ಚಿತ್ರಕ್ಕೂ ರುಚಿಗೂ ಸಂಬಂಧ ಹುಡುಕಿದರೆ ದಾರಿ ತಪ್ಪುತ್ತೀರಿ, ದ್ರಾಕ್ಷಿ ತಳಿಯ ಹೆಸರು ಓದಬೇಕು.

ತಳಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಬಿಳಿಯಲ್ಲಿ ಶೆನಾನ್ ಬ್ಲಾಂಕ್ ನಮ್ಮಲ್ಲಿ ಸಾಮಾನ್ಯವಾಗಿ ತುಸು ಸಿಹಿ ಉಳಿಸಿಯೇ ಮಾಡುತ್ತಾರೆ. ಸೊವಿನ್ಯೋ ಬ್ಲಾಂಕ್ ಡ್ರೈ, ಹಸಿರು ವಾಸನೆ, ಹುಳಿ ಮುಂದು. ಕೆಂಪಿನಲ್ಲಿ ಶಿರಾಜ್ ಮೃದು, ಕ್ಯಾಬರ್ನೆ ಒಗರು. ಲೇಬಲ್‌ನಲ್ಲಿ ತಳಿಯೇ ಇಲ್ಲದೆ ಬರೀ "ಕೆಂಪು ವೈನ್" ಅಥವಾ "ಪೋರ್ಟ್" ಎಂದಿದ್ದು ಬೆಲೆಯೂ ತೀರಾ ಕಡಿಮೆಯಿದ್ದರೆ ಅದು ಬೆಂಗಳೂರು ನೀಲಿ ದ್ರಾಕ್ಷಿಯದಾಗಿರಬಹುದು. ಅದು ಲ್ಯಾಬ್ರುಸ್ಕಾ ಎಂಬ ದ್ರಾಕ್ಷಿ ಜಾತಿಯ ವಂಶದ್ದು. ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನಿಂದಾಗಿ ದ್ರಾಕ್ಷಿ ಪೆಪ್ಪರ್‌ಮಿಂಟಿನ ವಾಸನೆ ಬರುತ್ತದೆ. ರಸಕ್ಕೆ, ಜಾಮಿಗೆ ಬಹಳ ಚೆನ್ನಾದ ಹಣ್ಣು. ಡ್ರೈ ವೈನ್ ನಿರೀಕ್ಷಿಸಿ ಕುಡಿದವರಿಗೆ ಮಾತ್ರ ಹಿಡಿಸುವುದಿಲ್ಲ. ನಿಜವಾದ ಪೋರ್ಟ್ ಪೋರ್ಚುಗಲ್‌ನ ದೋರೋ ಕಣಿವೆಯದು, ಶೇ. 19ರಿಂದ 22 ಆಲ್ಕೋಹಾಲ್. ಆ ಅಂಕಿಯನ್ನು ಕೈಯಲ್ಲಿರುವ ಬಾಟಲಿಗೆ ಹೋಲಿಸಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಕುಶಾಲನಗರ ಗೋದಾಮು

ಲೇಬಲ್ ಓದುವ ಮುಂಚೆ ಬಾಟಲಿ ನೋಡಿ. ಒಳ್ಳೆ ವೈನೂ ಅಂಗಡಿ ಶೆಲ್ಫಿನಲ್ಲಿ ಸಾಯುತ್ತೆ.

ನಮ್ಮ ಕಡೆ ವೈನ್ ನಿಧಾನಕ್ಕೆ ಖರ್ಚಾಗುವ ಸರಕು. ಬಾಟಲಿ ಸಾಮಾನ್ಯವಾಗಿ ಮೇಲಿನ ತಟ್ಟೆಯಲ್ಲಿ, ಟ್ಯೂಬ್‌ಲೈಟಿಗೆ ಹತ್ತಿರ, ನೆಟ್ಟಗೆ ನಿಂತಿರುತ್ತೆ. ತಗಡಿನ ಮಾಡಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಬಿಸಿ ಜಾಸ್ತಿ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತೆ. ಹಾಗಾಗಿ ಮುಚ್ಚಳದ ಮೇಲೆ ಬೆರಳಾಡಿಸಿ: ಉಬ್ಬಿದೆಯಾ, ಅಂಚಿನಲ್ಲಿ ಅಂಟಂಟಾಗಿದೆಯಾ, ಕತ್ತಿನ ಮೇಲೆ ಒಣಗಿದ ಕೆಂಪು ಗೆರೆ ಇಳಿದಿದೆಯಾ. ಇದ್ದರೆ ಬೇಡ. ಕತ್ತಿನಲ್ಲಿ ವೈನಿನ ಮಟ್ಟ ಪಕ್ಕದ ಬಾಟಲಿಗಳಿಗಿಂತ ಕೆಳಗಿದ್ದರೂ ಬೇಡ. ಬಿಳಿ ವೈನನ್ನು ಬೆಳಕಿಗೆ ಹಿಡಿದಾಗ ಹುಲ್ಲಿನ ಹಳದಿ ಬಿಟ್ಟು ಕಂದಿಗೆ ತಿರುಗಿದ್ದರೆ ಗಾಳಿ ತಾಗಿದೆ ಅಂತ. ಬಣ್ಣವಿಲ್ಲದ ಗಾಜಿನ ಬಾಟಲಿಗೆ ಬೆಳಕೇ ದೊಡ್ಡ ಶತ್ರು, ರೋಸೆ ತಗೊಳ್ಳುವಾಗ ಸಾಲಿನ ಹಿಂದಿನ ಬಾಟಲಿ ಕೇಳಿ. ಮಾಲು ಬೇಗ ಖಾಲಿಯಾಗುವ ಅಂಗಡಿಯನ್ನೇ ಹಿಡಿಯಿರಿ. ಎಂಆರ್‌ಪಿ ಎಲ್ಲಾ ಕಡೆ ಒಂದೇ, ಅಬಕಾರಿ ಚೀಟಿ ಸರಿಯಾಗಿ ಅಂಟಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಮಳೆಗಾಲದಲ್ಲಿ ಲೇಬಲ್ ಮೇಲೆ ಬೂಷ್ಟು ಹಿಡಿದಿದ್ದರೆ ಹೆದರಬೇಡಿ. ಅದು ಕಾಗದಕ್ಕೆ, ಅಂಟಿಗೆ ಹಿಡಿಯುವುದು, ಒಳಗಿನ ವೈನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಲೇಬಲ್ ಕಿತ್ತು ಹೋಗಿ ಬ್ಯಾಚ್, ತಿಂಗಳು ಕಾಣದೇ ಇದ್ದರೆ ಬಿಟ್ಟುಬಿಡಿ.

ಮುಂಗಾರು ಮಡಿಕೇರಿ

ತುಂಬಾ ಉಪಯೋಗ ಆಯಿತು. ಹೋಮ್‌ಮೇಡ್ ಬಗ್ಗೆ ಯಾರಾದರೂ?

ಸಕ್ಕರೆ ಮಾಪಕ

ಆ ಆರರಲ್ಲಿ ಸೇರಿಸಬೇಡಿ. ದ್ರಾಕ್ಷಿಯ ಡ್ರೈ ವೈನ್ ಪಕ್ಕದಲ್ಲಿ ಲೀಟರಿಗೆ ನೂರು ಗ್ರಾಂ ಸಕ್ಕರೆಯ ಶುಂಠಿ ವೈನ್ ಇಟ್ಟರೆ ಆಮೇಲೆ ಕುಡಿದದ್ದೆಲ್ಲ ಹುಳಿ, ನೀರು ಅನ್ನಿಸುತ್ತದೆ. ಬೇಕಿದ್ದರೆ ಬೇರೆ ದಿನ ಅವುಗಳನ್ನೇ ಒಟ್ಟಿಗೆ ಇಟ್ಟು ನೋಡಿ.

ಪ್ಯಾಶನ್ ಫ್ರೂಟ್, ನೆಲ್ಲಿ, ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು, ಹೀಗೆ ಲೇಬಲ್ ಮೇಲೆ ಹಣ್ಣಿನ ಚಿತ್ರ ದೊಡ್ಡದಾಗಿರುತ್ತದೆ. ನೀವು ಹುಡುಕಬೇಕಾದ್ದು ಬೇರೆ: 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಅಬಕಾರಿ ಚೀಟಿ, ಆಲ್ಕೋಹಾಲ್ ಶೇಕಡಾವಾರು, ಬ್ಯಾಚ್, ತಯಾರಿಸಿದವರ ಪೂರ್ತಿ ವಿಳಾಸ. ಇವಿಲ್ಲದ ಬಾಟಲಿಯಲ್ಲಿ ಹುದುಗಿದ ವೈನ್ ಇದೆಯೋ, ಎಸೆನ್ಸ್ ಹಾಕಿದ ಪಾನಕ ಇದೆಯೋ, ಸ್ಪಿರಿಟ್ ಬೆರೆಸಿದ್ದೋ ಎಂದು ತಿಳಿಯುವ ದಾರಿಯೇ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು ಅಪರಾಧವೂ ಹೌದು. ಕೊಡಗಿನ ಹಣ್ಣಿನ ವೈನಿಗೆ ಒಳ್ಳೆಯ ಹೆಸರು ಉಳಿಯಬೇಕಾದರೆ ಸರಿಯಾದ ಲೇಬಲ್ ಇರುವ ಬಾಟಲಿಯನ್ನೇ ಕೊಳ್ಳಬೇಕು.

ಇನ್ನೊಂದು ಅಪಾಯ ಒತ್ತಡದ್ದು. ಸಿಹಿ ಉಳಿದ, ಸಾರ್ಬೇಟ್ ಹಾಕದ, ಸೋಸದ ವೈನಿನಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದದ್ದು ಮಾರ್ಚ್ ಸೆಕೆಗೆ ಏಳುತ್ತದೆ. ಮುಚ್ಚಿದ ಬಾಟಲಿಯಲ್ಲಿ ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೂ ಸುಮಾರು 1 ಅಟ್ಮಾಸ್ಫಿಯರ್ ಒತ್ತಡ ಹೆಚ್ಚುತ್ತದೆ. 24 ಗ್ರಾಂಗೆ ಶಾಂಪೇನ್ ಬಾಟಲಿಯಷ್ಟು, ಅಂದರೆ 6 ಅಟ್ಮಾಸ್ಫಿಯರ್. ಸಾದಾ ಬಾಟಲಿ ಅದನ್ನು ತಡೆಯುವಂಥದ್ದಲ್ಲ. ಅಂಥ ಬಾಟಲಿ ಮನೆಯಲ್ಲಿದ್ದರೆ ಫ್ರಿಜ್‌ನಲ್ಲೇ ಇಡಿ, ತೆಗೆಯುವಾಗ ಬಟ್ಟೆ ಸುತ್ತಿ ಮುಖದಿಂದ ದೂರ ಹಿಡಿದು ತೆಗೆಯಿರಿ.

ಹಾರಂಗಿ

ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಮಾಪಕ) ಅದ್ದಿದರೆ ಆಲ್ಕೋಹಾಲ್ ಎಷ್ಟು ಅಂತ ಗೊತ್ತಾಗುತ್ತಲ್ವಾ? ಜೇನು ಅಳೆಯುವ ರಿಫ್ರಾಕ್ಟೋಮೀಟರ್ ಕೂಡ ಇದೆ.

ಸಕ್ಕರೆ ಮಾಪಕ

ತಯಾರಾದ ವೈನಿಗೆ ಹೈಡ್ರೋಮೀಟರ್ ಒಂದೇ ಸಾಲದು. ಸಕ್ಕರೆ ಸಾಂದ್ರತೆಯನ್ನು ಏರಿಸುತ್ತದೆ, ಆಲ್ಕೋಹಾಲ್ ಇಳಿಸುತ್ತದೆ. ಎರಡರ ಮೊತ್ತ ಮಾತ್ರ ನಿಮಗೆ ಕಾಣುವುದು. ಹುದುಗುವ ಮುಂಚಿನ ಅಳತೆ ಗೊತ್ತಿದ್ದರೆ ಮಾತ್ರ, ಆ ಅಳತೆಯಿಂದ ಈಗಿನ ಅಳತೆ ಕಳೆದು 131ರಿಂದ ಗುಣಿಸಿ ಆಲ್ಕೋಹಾಲ್ ಹೇಳಬಹುದು.

ಆದರೆ ಲೇಬಲ್‌ನಲ್ಲಿ ಆಲ್ಕೋಹಾಲ್ ಬರೆದಿರುವ ಬಾಟಲಿಯಲ್ಲಿ ಸಕ್ಕರೆ ಅಂದಾಜು ಮಾಡಲು ಹೈಡ್ರೋಮೀಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಶೇ. 12ರ ಆಸುಪಾಸಿನ ಪೂರ್ತಿ ಡ್ರೈ ವೈನ್ 0.992ರಿಂದ 0.996ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಪ್ರತಿ 0.001ಕ್ಕೆ ಲೀಟರಿಗೆ ಸುಮಾರು 2.6 ಗ್ರಾಂ ಸಕ್ಕರೆ. 1.010 ತೋರಿಸಿದರೆ 40 ಗ್ರಾಂಗೂ ಸ್ವಲ್ಪ ಹೆಚ್ಚು. ಮಾದರಿಯನ್ನು ಚೆನ್ನಾಗಿ ಅಲುಗಾಡಿಸಿ ಗುಳ್ಳೆ ಬಿಡಿಸಿ, 20 ಡಿಗ್ರಿಗೆ ತಂದು ಅಳೆಯಿರಿ. ಗುಳ್ಳೆ ಅಂಟಿದರೆ ಮಾಪಕ ತೇಲಿ ಅಂಕಿ ಹೆಚ್ಚು ಕಾಣುತ್ತದೆ.

ಜೇನಿನ ರಿಫ್ರಾಕ್ಟೋಮೀಟರ್ ಆಗುವುದಿಲ್ಲ, ಅದರ ಅಳತೆ 58 ಬ್ರಿಕ್ಸ್‌ನಿಂದ (ಬ್ರಿಕ್ಸ್ ಎಂದರೆ ಸಕ್ಕರೆ ಪ್ರಮಾಣದ ಅಳತೆ) ಮೇಲೆ ಶುರುವಾಗುತ್ತದೆ. ಹಣ್ಣಿನ ರಸಕ್ಕೆ ಬಳಸುವ 0ರಿಂದ 32ರದ್ದು ಬೇಕು. ಅದರಲ್ಲೂ ಆಲ್ಕೋಹಾಲ್ ಇದ್ದರೆ ಓದು ತಪ್ಪುತ್ತದೆ, ತಿದ್ದುಪಡಿ ಕೋಷ್ಟಕ ಹಚ್ಚಬೇಕು.

ಪಾಲಿಬೆಟ್ಟ ಕಪ್ಪಿಂಗ್

ಪರೀಕ್ಷೆಯ ವಿಧಾನಕ್ಕೆ ಬರೋಣ. ಕಾಫಿ ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಗೊತ್ತಿರುವವರು ಕೊಡಗು ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ, ಅದೇ ಶಿಸ್ತು ಇಲ್ಲಿಗೂ ಸಾಕು: ಸಂಕೇತ ಸಂಖ್ಯೆ, ಮೌನ, ಬರೆದ ನಂತರವೇ ಮಾತು.

ಬಾಟಲಿ ಸುತ್ತುವವರು ಒಬ್ಬರು, ಸಂಖ್ಯೆ ಹಾಕುವವರು ಇನ್ನೊಬ್ಬರು ಇರಲಿ. ಆಗ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಕತ್ತಿನ ಫಾಯಿಲ್ ಪೂರ್ತಿ ಕಿತ್ತುಹಾಕಿ, ಅದರ ಬಣ್ಣದಿಂದಲೇ ಬ್ರಾಂಡ್ ಗೊತ್ತಾಗುತ್ತದೆ. ಸ್ಕ್ರೂ ಕ್ಯಾಪೋ ಕಾರ್ಕೋ ಎಂದು ತಿಳಿಯಬಾರದೆಂದರೆ ಎಲ್ಲವನ್ನೂ ಒಳಗೇ ತೆರೆದು ತನ್ನಿ. ಬಾಟಲಿ ಆಕಾರವೂ ಗುಟ್ಟು ಬಿಡುತ್ತದೆ, ನ್ಯೂಸ್‌ಪೇಪರನ್ನು ಬಿಗಿಯಾಗಿ ಸುತ್ತದೆ ಚೀಲದ ಹಾಗೆ ಸಡಿಲವಾಗಿ ಸುತ್ತಿ.

ಆರು ಬೇರೆ ವೈನ್ ಬೇಡ, ಐದು ಸಾಕು. ಒಂದನ್ನು ಎರಡು ಬಾಟಲಿ ತನ್ನಿ, ಬೇರೆ ಬೇರೆ ಸಂಖ್ಯೆ ಹಾಕಿ ದೂರ ದೂರ ಇಡಿ. ಒಂದೇ ವೈನಿಗೆ ಒಬ್ಬರೇ ಒಮ್ಮೆ 8, ಇನ್ನೊಮ್ಮೆ 4 ಅಂಕ ಕೊಟ್ಟರೆ ಆ ಹಾಳೆಯ ಉಳಿದ ಅಂಕಗಳ ತೂಕ ಎಷ್ಟೆಂದು ಗೊತ್ತಾಗುತ್ತದೆ. ಈ ಒಂದು ವ್ಯವಸ್ಥೆ ಇಲ್ಲದ ರುಚಿ ಪರೀಕ್ಷೆಯ ಅಂಕಗಳನ್ನು ನಂಬಲು ಆಧಾರವಿಲ್ಲ.

ತಲೆಗೆ 40 ಮಿ.ಲೀ. ಹಾಕಿ. ಆರು ಜನಕ್ಕೆ 240 ಮಿ.ಲೀ. ಹೋಗುತ್ತದೆ, ಉಳಿದದ್ದು ಊಟಕ್ಕೆ. ಗ್ಲಾಸ್ 200 ಮಿ.ಲೀ. ಮೇಲಿನದಾಗಿದ್ದು ಬಾಯಿ ಒಳಕ್ಕೆ ಬಾಗಿರಲಿ, ತಿರುಗಿಸಿದಾಗ ವಾಸನೆ ನಿಲ್ಲಲು ಜಾಗ ಬೇಕು. ಅಂಕಕ್ಕಿಂತ ಮೊದಲು ಮೂರು ಊಹೆ ಬರೆಸಿ: ಸಿಹಿಯೋ ಡ್ರೈಯೋ, ಆಲ್ಕೋಹಾಲ್ ಎಷ್ಟಿರಬಹುದು, ಬೆಲೆ ಎಷ್ಟಿರಬಹುದು. ಲೇಬಲ್ ಜೊತೆ ತಾಳೆ ನೋಡಬಹುದಾದವು ಇವೇ. "ಚೆರಿ, ವೆನಿಲ್ಲಾ, ಚರ್ಮದ ಘಮ" ಎಂಬ ಹಿಂಬದಿಯ ವರ್ಣನೆಯನ್ನು ಮೊದಲೇ ಓದಿ ಹೇಳಿದರೆ ಎಲ್ಲರಿಗೂ ಚೆರಿಯೇ ಬರುತ್ತದೆ. ಫ್ರಾನ್ಸ್‌ನ ಬೋರ್ಡೋ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ವೈನ್ ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದ್ದರು. ಕಣ್ಣಿಗೆ ಮೊದಲು ಬಿದ್ದದ್ದು ಮೂಗನ್ನು ಹೇಗೆ ಎಳೆಯುತ್ತದೆ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಎರಡು ವೈನ್ ನಿಜಕ್ಕೂ ಬೇರೆ ಎಂದು ಗುರುತಿಸುತ್ತಾರಾ ಎಂಬ ಅನುಮಾನವಿದ್ದರೆ ಕೊನೆಗೆ ಮೂರು ಗ್ಲಾಸ್ ಇಡಿ: ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಕೇಳಿ. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಆರರಲ್ಲಿ ನಾಲ್ವರು ಅಥವಾ ಹೆಚ್ಚು ಜನ ಬರೀ ಅದೃಷ್ಟದಿಂದ ಸರಿ ಹೇಳುವ ಸಾಧ್ಯತೆ ಶೇ. 10, ಐವರು ಅಥವಾ ಆರೂ ಜನ ಎಂದರೆ ಶೇ. 2ಕ್ಕಿಂತ ಕಡಿಮೆ. ಐವರು ಸರಿಯಾದರೆ ವ್ಯತ್ಯಾಸ ಇದೆಯೆಂದು ಧೈರ್ಯವಾಗಿ ಹೇಳಬಹುದು.

ಉಗುಳಲು ಪ್ರತಿಯೊಬ್ಬರಿಗೂ ಒಂದು ಲೋಟ ಕೊಡಿ. ಆರು ಸಲ 40 ಮಿ.ಲೀ. ಎಂದರೆ 240 ಮಿ.ಲೀ., ಶೇ. 13ರ ಲೆಕ್ಕದಲ್ಲಿ 31 ಮಿ.ಲೀ. ಶುದ್ಧ ಆಲ್ಕೋಹಾಲ್. ಆಮೇಲೆ ಊಟದ ಜೊತೆಗಿನದು ಬೇರೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮಂಜು ಮುಸುಕಿದ ಘಾಟಿ ರಸ್ತೆಯಲ್ಲಿ ಆ ಮಿತಿಯನ್ನೂ ನೆಚ್ಚಬೇಡಿ, ಓಡಿಸುವವರು ಕುಡಿಯಲೇಬಾರದು.

ಬಣ್ಣದ ಕುಂಚ

ಇದಕ್ಕೆ ಒಂದು ಸೇರಿಸಿ. ಸುತ್ತುವ ಮೊದಲು ಐದೂ ಲೇಬಲ್‌ಗಳ ಮುಂಭಾಗದ ಫೋಟೋ ತೆಗೆದು, ಬಾಟಲಿ ಆರಿಸದ ಯಾರಿಗಾದರೂ ತೋರಿಸಿ ಸಿಹಿಯಿಂದ ಡ್ರೈಗೆ ಸಾಲು ಹಾಕಿಸಿ. ರುಚಿ ನೋಡಿದವರ ಸಾಲಿನ ಜೊತೆ ಹೋಲಿಸಿದರೆ ಮುಂಭಾಗ ಎಷ್ಟು ನಿಜ ಹೇಳುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ದ್ರಾಕ್ಷಿಬಳ್ಳಿ

ಒಳ್ಳೆಯ ಸಲಹೆ. ಹಿಂಬದಿಯ ಆಲ್ಕೋಹಾಲ್ ಅಂಕಿ ಮಾತ್ರ ನೋಡಿ ಇನ್ನೊಬ್ಬರು ಸಾಲು ಹಾಕಲಿ. ಯಾವುದು ಹತ್ತಿರ ಬರುತ್ತದೆ ನೋಡೋಣ.

ಕಚಂಪುಳಿ

ಪಂದಿಕರಿ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ! ಅದೇ ಇಲ್ಲಿ ಕಷ್ಟದ ಭಾಗ.

ಪಂದಿಕರಿಯಲ್ಲಿ ಕೊಬ್ಬು, ಹುರಿದ ಮಸಾಲೆಯ ತುಸು ಕಹಿ, ಕರಿಮೆಣಸು, ಕೊನೆಗೆ ಬೀಳುವ ಕಚಂಪುಳಿಯ ಗಾಢ ಹುಳಿ. ಊಟದ ಹುಳಿ ವೈನಿನ ಹುಳಿಗಿಂತ ಜಾಸ್ತಿಯಾದರೆ ವೈನ್ ಸಪ್ಪೆಯಾಗುತ್ತದೆ. ಬಿಸಿ ಊರಿನ ಅಗ್ಗದ ಕೆಂಪು ವೈನುಗಳಲ್ಲಿ ಹಲವು ಹುಳಿ ಕಡಿಮೆ ಇರುವಂಥವೇ, ಕಚಂಪುಳಿ ಮುಂದೆ ನಿಲ್ಲುವುದಿಲ್ಲ. ಕ್ಯಾಬರ್ನೆ ಇನ್ನೂ ಕಷ್ಟ. ಖಾರಕ್ಕೆ ಟ್ಯಾನಿನ್‌ನ ಒಗರು ಸೇರಿದರೆ ನಾಲಿಗೆ ಒಣಗಿದ ಹಾಗೆ, ಶೇ. 14 ಆಲ್ಕೋಹಾಲ್ ಖಾರವನ್ನು ಇನ್ನೂ ಉರಿಸುತ್ತದೆ. ಊಟದ ಬಾಟಲಿ ಆರಿಸುವಾಗ ಲೇಬಲ್‌ನಲ್ಲಿ ಶೇ. 13ಕ್ಕಿಂತ ಕೆಳಗಿನದು, ಓಕ್ ಇಲ್ಲದ್ದು ಹುಡುಕಿ. ತುಸು ಸಿಹಿ ಉಳಿದ ಶೆನಾನ್ ಬ್ಲಾಂಕ್ ಚೆನ್ನಾಗಿ ಒಗ್ಗುತ್ತದೆ, ಖಾರ ತಗ್ಗಿಸುತ್ತದೆ, ಹುಳಿಯೂ ಇದೆ. ಡ್ರೈ ರೋಸೆ ಕೂಡ. ಕೆಂಪೇ ಬೇಕೆಂದರೆ ಶಿರಾಜ್ ಅನ್ನು ಸ್ವಲ್ಪ ತಂಪು ಮಾಡಿ ಕೊಡಿ.

ಶಿರಾಜ್ ಲೇಬಲ್‌ಗಳಲ್ಲಿ ಕರಿಮೆಣಸಿನ ಘಮ ಎಂದು ಬರೆಯುವುದು ಸುಮ್ಮನೆ ಅಲ್ಲ. ರೋಟಂಡೋನ್ ಎಂಬ ವಸ್ತು ಅದಕ್ಕೆ ಕಾರಣವೆಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದರು, ನಮ್ಮ ತೋಟದ ಕರಿಮೆಣಸಿನಲ್ಲೂ ಅದೇ ಇದೆ. ಆದರೆ ತಂಪು ಪ್ರದೇಶದ ದ್ರಾಕ್ಷಿಯಲ್ಲಿ ಅದು ಹೆಚ್ಚು, ಬಿಸಿಲೂರಿನದರಲ್ಲಿ ಕಡಿಮೆ. ಐವರಲ್ಲಿ ಒಬ್ಬರ ಮೂಗಿಗೆ ಆ ವಾಸನೆ ತಾಗುವುದೇ ಇಲ್ಲ. ಹಾಗಾಗಿ ಆರು ಜನರಲ್ಲಿ ಒಬ್ಬರು ಮೆಣಸು ಸಿಗಲಿಲ್ಲ ಅಂದರೆ ಅವರ ಜೊತೆ ವಾದ ಮಾಡಬೇಡಿ.

ಪರೀಕ್ಷೆ ಮುಗಿಯುವವರೆಗೆ ಮಾತ್ರ ಕರಿ ಒಲೆ ಮೇಲೆ ಇರಬಾರದು. ಮುಂಚೆಯೇ ಮಾಡಿ ಮುಚ್ಚಿಡಿ. ಆ ಘಮ ಮನೆ ತುಂಬಿದ ಮೇಲೆ ಯಾವ ವೈನಿನ ವಾಸನೆಯೂ ಸಿಗುವುದಿಲ್ಲ. ನಡುವೆ ಬಾಯಿ ತೊಳೆಯಲು ನೀರು, ಉಪ್ಪು ಹಾಕದ ಅಕ್ಕಿ ಒಟ್ಟಿಯ ಚೂರು ಸಾಕು.

ಮುಂಗಾರು ಮಡಿಕೇರಿ

ಜುಲೈನಲ್ಲಿ ಮಾಡೋಣ ಅಂತಿದ್ದೇವೆ. ಮಳೆಗಾಲದಲ್ಲಿ ಮಾಡುವುದರಿಂದ ಏನಾದರೂ ತೊಂದರೆ ಇದೆಯಾ? ಹಾಳಾದ ಬಾಟಲಿ ಬಂದರೆ ಗುರುತಿಸುವುದು ಹೇಗೆ?

ಪಾಲಿಬೆಟ್ಟ ಕಪ್ಪಿಂಗ್

ತೊಂದರೆ ಗ್ಲಾಸಿನಲ್ಲಿದೆ. ಮಳೆಗಾಲದಲ್ಲಿ ಮರದ ಬೀರುವಿನಲ್ಲಿ ಬೋರಲು ಇಟ್ಟ ಗ್ಲಾಸಿನೊಳಗೆ ಮುಗ್ಗುಲು ಗಾಳಿ ಕೂಡಿಕೊಂಡಿರುತ್ತದೆ, ಒಣಗದ ಬಟ್ಟೆಯಲ್ಲಿ ಒರೆಸಿದರೆ ಅದರ ವಾಸನೆಯೂ ಸೇರುತ್ತದೆ. ಕಾರ್ಕ್ ಹಾಳಾದ ವೈನಿನ ವಾಸನೆಯೂ ಹೆಚ್ಚುಕಡಿಮೆ ಹಾಗೇ: ಒದ್ದೆ ರಟ್ಟು, ಮುಗ್ಗಿದ ಗೋಣಿ. ಅದಕ್ಕೆ ಕಾರಣ ಟಿಸಿಎ ಎಂಬ ವಸ್ತು, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಖಾಲಿ ಗ್ಲಾಸನ್ನೇ ಮೊದಲು ಮೂಸಿ ನೋಡಿ. ಬಿಸಿನೀರಲ್ಲಿ ತೊಳೆದು, ಒರೆಸದೆ, ನೆಟ್ಟಗೆ ಇಟ್ಟು ಆರಿಸಿ. ಸುರಿಯುವ ಮುಂಚೆ ಒಂದು ಚಮಚ ಅದೇ ವೈನ್ ಹಾಕಿ ಒಳಗೆಲ್ಲ ತಿರುಗಿಸಿ ಚೆಲ್ಲಿ. ಆಮೇಲೂ ಒದ್ದೆ ರಟ್ಟಿನ ವಾಸನೆ ಬಂದು, ಹತ್ತು ನಿಮಿಷದಲ್ಲಿ ಇನ್ನೂ ಜೋರಾದರೆ ಬಾಟಲಿಯೇ ಹಾಳು.

ದ್ರಾಕ್ಷಿಬಳ್ಳಿ

ಉಳಿದ ದೋಷಗಳು. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ವಿನೆಗರ್ ವಾಸನೆ ಬಂದರೆ ಅಸಿಟಿಕ್ ಬ್ಯಾಕ್ಟೀರಿಯಾ ಕೆಲಸ ಮಾಡಿದೆ, ಸರಿಪಡಿಸಲು ಆಗುವುದಿಲ್ಲ. ಕತ್ತರಿಸಿಟ್ಟ ಸೇಬು ಕಂದಾದ ವಾಸನೆ ಬಂದರೆ ಗಾಳಿ ತಾಗಿದ್ದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಕ್ಷಣ ಎಸೆಯಬೇಡಿ: ಅದು ಹೈಡ್ರೋಜನ್ ಸಲ್ಫೈಡ್, ಜಗ್‌ಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಹೋಗಬಹುದು. ಖಚಿತ ಮಾಡಿಕೊಳ್ಳಲು ಒಂದು ಗ್ಲಾಸಿಗೆ ತಿಕ್ಕಿ ತೊಳೆದ ತಾಮ್ರದ ತಂತಿ ಅದ್ದಿ ಒಂದು ನಿಮಿಷ ಕಲಕಿ. ವಾಸನೆ ಮಾಯವಾದರೆ ಅದೇ. ಆ ಗ್ಲಾಸನ್ನು ಮಾತ್ರ ಕುಡಿಯಬೇಡಿ, ಚೆಲ್ಲಿ. ತಳದಲ್ಲಿ ಕಲ್ಲುಸಕ್ಕರೆ ಪುಡಿಯಂತೆ ಹರಳು ಕಂಡರೆ ಅದು ತಂಪಿಗೆ ಕೂತ ಟಾರ್ಟ್ರೇಟ್, ಏನೂ ಅಪಾಯವಿಲ್ಲ.

ತಾಪಮಾನದ ವಿಷಯದಲ್ಲಿ ಜುಲೈ ನಿಮಗೆ ಅನುಕೂಲ. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಬೇಕು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮಳೆಗಾಲದ ಒಳಮನೆ ಅದರ ಹತ್ತಿರವೇ ಇರುತ್ತದೆ, ಫ್ರಿಜ್ ಬೇಡ. ಇದನ್ನೇ ಏಪ್ರಿಲ್‌ನಲ್ಲಿ ಕುಶಾಲನಗರದಲ್ಲಿ ಮಾಡಿದರೆ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕಾಗುತ್ತದೆ. ಬಿಳಿ, ರೋಸೆಗೆ 8ರಿಂದ 12 ಡಿಗ್ರಿ, ಫ್ರಿಜ್‌ನಲ್ಲಿ ಎರಡೂವರೆ ಗಂಟೆ ಇಟ್ಟು, ಸುರಿಯುವ ಹದಿನೈದು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಅಗ್ಗದ ವೈನಿನ ದೋಷಗಳು ಮರೆಯಾಗುತ್ತವೆ. ಕುಡಿಯಲು ಅದು ಒಳ್ಳೆಯದೇ, ಪರೀಕ್ಷೆಗೆ ಅಲ್ಲ.

ಮುಂಗಾರು ಮಡಿಕೇರಿ

ಹಾಗಾದರೆ ಹೀಗೆ ಮಾಡುತ್ತೇವೆ: ಶೆನಾನ್ ಬ್ಲಾಂಕ್ ಎರಡು ಬಾಟಲಿ, ಸೊವಿನ್ಯೋ ಬ್ಲಾಂಕ್ ಒಂದು, ರೋಸೆ ಒಂದು, ಶಿರಾಜ್ ಒಂದು, ತಳಿ ಬರೆಯದ ಅಗ್ಗದ ಕೆಂಪು ಒಂದು. ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಕುಶಾಲನಗರ ಗೋದಾಮು

ಅರ್ಧ ಬಾಟಲಿ ಉಳಿದರೆ 375 ಮಿ.ಲೀ. ಸ್ವಚ್ಛ ಬಾಟಲಿಗೆ ಕತ್ತಿನವರೆಗೆ ತುಂಬಿ, ಮುಚ್ಚಿ ಫ್ರಿಜ್‌ಗೆ ಹಾಕಿ. ಬಿಳಿ, ರೋಸೆ ನಾಲ್ಕು ದಿನ, ಕೆಂಪು ಮೂರು ದಿನ. ಕೆಂಪನ್ನೂ ಫ್ರಿಜ್‌ನಲ್ಲೇ ಇಡಬೇಕು, ಕುಡಿಯುವ ಒಂದು ಗಂಟೆ ಮುಂಚೆ ತೆಗೆದರೆ ಆಯ್ತು.

ಪಾಲಿಬೆಟ್ಟ ಕಪ್ಪಿಂಗ್

ಸಾಲು ಹೀಗಿರಲಿ: ಸೊವಿನ್ಯೋ ಮೊದಲು, ಶೆನಾನ್ ಎರಡನೆಯದು, ರೋಸೆ, ಆಮೇಲೆ ಎರಡನೇ ಶೆನಾನ್, ಶಿರಾಜ್, ಕೊನೆಗೆ ತಳಿ ಬರೆಯದ ಕೆಂಪು. ಅದು ಸಿಹಿ ಇರುವ ಸಾಧ್ಯತೆ ಇರುವುದರಿಂದ ಎಲ್ಲಕ್ಕಿಂತ ಕೊನೆಗೇ ಬರಬೇಕು. ಎರಡೂ ಶೆನಾನ್ ಒಂದೇ ಬ್ಯಾಚ್ ಸಂಖ್ಯೆಯವೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ, ಬ್ಯಾಚ್ ಬೇರೆಯಾದರೆ ಜೋಡಿ ಇಟ್ಟು ಪ್ರಯೋಜನವಿಲ್ಲ.